ನನ್ನ ಮುಖ ನಿನಗೇಕಮ್ಮಾ?

“ನನ್ನ ಮುಖ ನಿನಗೇಕಮ್ಮಾ?” ಎಂದು ಆ ಅಜ್ಜಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಅದು 2016ರ ಒಂದು ಭಾನುವಾರದ ಬೆಳಗ್ಗೆ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟಿನ ಹೊರಗೋಡೆಗೆ ಒರಗಿ ಕುಳಿತು ಅವರು ಲಿಂಬೆಹಣ್ಣು ಮಾರುತ್ತಿದ್ದರು. ಗೋಣಿಚೀಲದ ಮೇಲೆ ಐದೈದು ಹಣ್ಣುಗಳ ಚಿಕ್ಕ ಚಿಕ್ಕ ಗುಡ್ಡೆ. ಮುಖದ ತುಂಬ ಸುಕ್ಕು, ಮೂಗಿನಲ್ಲಿ ಹಳೆಯ ನತ್ತು, ತಲೆಯ ಮೇಲೆ ಸೆರಗು. ನಾನು ಕ್ಯಾಮೆರಾ ಎತ್ತಿ ತೋರಿಸಿ, “ಒಂದು ಫೋಟೋ ತೆಗೆಯಲಾ?” ಎಂದು ಕೇಳಿದೆ. ಅದಕ್ಕೆ ಬಂದ ಉತ್ತರ ಈ ಪ್ರಶ್ನೆ. “ನೀವು ತುಂಬಾ ಚೆನ್ನಾಗಿದ್ದೀರಿ ಅಜ್ಜಿ” ಎಂದೆ. ಅಕ್ಕಪಕ್ಕದ ವ್ಯಾಪಾರಿಗಳು ಗೊಳ್ಳೆಂದು ನಕ್ಕರು. ಅಜ್ಜಿ ನಗಲಿಲ್ಲ. “ಲಿಂಬೆ ಬೇಕಿದ್ದರೆ ತಗೋ, ಇಲ್ಲದಿದ್ದರೆ ಗಿರಾಕಿಗೆ ಅಡ್ಡ ನಿಲ್ಲಬೇಡ” ಎಂದರು. ಎರಡು ಗುಡ್ಡೆ ಲಿಂಬೆ ಕೊಂಡು ಮನೆಗೆ ಬಂದೆ. ಆ ವಾರವೆಲ್ಲ ಮನೆಯವರು ಲಿಂಬೆ ಶರಬತ್ತು ಕುಡಿದರು. ನಾನು ಮಾತ್ರ ಆ ಪ್ರಶ್ನೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದೆ.

ನಾನು ವೃತ್ತಿಯಿಂದ ಫೋಟೋಗ್ರಾಫರ್ ಅಲ್ಲ. ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಬೆಂಗಳೂರಿಗೆ ಬಂದ ಸಾಧಾರಣ ಗೃಹಿಣಿ. ನನಗೆ ಈ ಹುಚ್ಚು ಹಿಡಿದದ್ದು ನನ್ನ ಉಮ್ಮನಿಂದ. ಉಮ್ಮ ತೀರಿಕೊಂಡದ್ದು 2014ರಲ್ಲಿ. ಮಯ್ಯಿತ್ ಮನೆಯಿಂದ ಹೋದ ಮೂರನೆಯ ದಿನ ನನ್ನ ತಂಗಿ, “ಉಮ್ಮನ ಫೋಟೋ ಯಾವುದಾದರೂ ಇದೆಯಾ?” ಎಂದು ಕೇಳಿದಳು. ಇಡೀ ಮನೆ ಹುಡುಕಿದೆವು. ಸಿಕ್ಕಿದ್ದು ಒಂದೇ, ಹಜ್ ಅರ್ಜಿಗೆಂದು ತೆಗೆಸಿದ್ದ ಪಾಸ್‌ಪೋರ್ಟ್ ಅಳತೆಯ ಚಿತ್ರ. ನಮ್ಮ ಬಾಪನಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಮದುವೆಯ ಮನೆಗಳಲ್ಲೂ ಕ್ಯಾಮೆರಾ ಕಂಡರೆ ಉಮ್ಮ ಒಳಗಿನ ಕೋಣೆಗೆ ಹೋಗಿಬಿಡುತ್ತಿದ್ದರು. ಹಜ್‌ಗೆ ಹೋಗಲು ಬೇಕೇಬೇಕು ಎಂದಾಗ ಮಾತ್ರ ಸ್ಟುಡಿಯೋದ ಸ್ಟೂಲಿನ ಮೇಲೆ ಕುಳಿತಿದ್ದರು. ಆ ಚಿತ್ರದಲ್ಲಿ ಉಮ್ಮನ ಕಣ್ಣುಗಳು ಪೊಲೀಸ್ ಠಾಣೆಗೆ ಕರೆದೊಯ್ದವರ ಕಣ್ಣುಗಳಂತೆ ಬೆದರಿವೆ. ಅದು ನಮ್ಮ ಉಮ್ಮನ ಮುಖವೇ ಅಲ್ಲ. ನಮಗೆ ಗೊತ್ತಿದ್ದ ಉಮ್ಮ ಮೀನು ಕೊಯ್ಯುತ್ತಾ ನಗುತ್ತಿದ್ದವರು, ಪತ್ತಿರಿಯ ಹಿಟ್ಟು ಕೈಗೆ ಮೆತ್ತಿಕೊಂಡೇ ನಮ್ಮ ಕೆನ್ನೆ ಹಿಂಡುತ್ತಿದ್ದವರು.

ಮರುವರ್ಷ ದುಬೈಯಿಂದ ರಜೆಗೆ ಬಂದ ತಮ್ಮ ನನಗೊಂದು ಕ್ಯಾಮೆರಾ ತಂದುಕೊಟ್ಟ. ಮೊದಮೊದಲು ಮಕ್ಕಳ ಫೋಟೋ, ಬಾಲ್ಕನಿಯ ದಾಸವಾಳದ ಫೋಟೋ. ನಂತರ ಭಾನುವಾರ ಬೆಳಗ್ಗೆ ಯಜಮಾನರ ಜೊತೆ ಮಾರ್ಕೆಟಿಗೆ ಹೋಗುವಾಗ ಕ್ಯಾಮೆರಾವೂ ಚೀಲದೊಳಗೆ ಸೇರಿಕೊಂಡಿತು. ಅವರು ಮಾಂಸ, ತರಕಾರಿ ಕೊಳ್ಳುವಷ್ಟರಲ್ಲಿ ನಾನು ಬೀದಿಯಲ್ಲಿ ಕಂಡ ಮುಖಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ. ಬೀಡಾ ಕಟ್ಟುವವರು, ಕೈಗಡಿಯಾರ ರಿಪೇರಿ ಮಾಡುವವರು, ತಲೆಯ ಮೇಲೆ ಮೂಟೆ ಹೊತ್ತವರು, ಬುರ್ಖಾದ ಮೇಲೆ ಮಗುವನ್ನು ಎತ್ತಿಕೊಂಡು ಚೌಕಾಸಿ ಮಾಡುವ ತಾಯಂದಿರು. ಇವರಲ್ಲಿ ಎಷ್ಟು ಜನರ ಮನೆಯಲ್ಲಿ ಅವರದ್ದೊಂದು ಒಳ್ಳೆಯ ಚಿತ್ರವಿರಬಹುದು ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಆ ದಿನಗಳಲ್ಲಿ ನಾನು ಕಲಿತದ್ದು ಬಹಳ. ಫ್ಲ್ಯಾಶ್ ಬೇಡವೇ ಬೇಡ. ಸುಡುವ ಬಿಸಿಲೂ ಬೇಡ. ಅಂಗಡಿಯ ಮುಂದೆ ಇಳಿಬಿಟ್ಟ ತಾಡಪಾಲಿನ ಕೆಳಗೆ, ಒಂದು ಬದಿಯಿಂದ ಮೆಲ್ಲಗೆ ಬೀಳುವ ಬೆಳಕು ಮುಖಕ್ಕೆ ಒಪ್ಪುತ್ತದೆ. 50 ಎಂಎಂ ಲೆನ್ಸ್ ಇದ್ದರೆ ಎದುರಿಗಿರುವವರಿಂದ ನಾಲ್ಕೈದು ಅಡಿ ದೂರದಲ್ಲಿ ನಿಲ್ಲಬೇಕಾಗುತ್ತದೆ. ಅಂದರೆ ಮಾತನಾಡದೆ ಫೋಟೋ ತೆಗೆಯಲು ಸಾಧ್ಯವೇ ಇಲ್ಲ. ನೆಲದಲ್ಲಿ ಕುಳಿತವರ ಚಿತ್ರವನ್ನು ನಿಂತುಕೊಂಡು ತೆಗೆದರೆ ಅವರು ನಮಗಿಂತ ಕೆಳಗಿನವರಂತೆ ಕಾಣುತ್ತಾರೆ. ನಾವೂ ಅವರ ಜೊತೆ ನೆಲದಲ್ಲಿ ಕುಳಿತರೆ ಚಿತ್ರವೇ ಬೇರೆಯಾಗುತ್ತದೆ.

ಇನ್ನೊಂದು ಪಾಠವನ್ನು ನಮ್ಮ ಸಹೋದರಿಯರಿಗೆ ಹೇಳಲೇಬೇಕು. ಕಪ್ಪು ಬುರ್ಖಾ ತೊಟ್ಟವರ ಚಿತ್ರ ತೆಗೆದರೆ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿಬಿಡುತ್ತಿತ್ತು. ಕಾರಣ ಸರಳ. ಕ್ಯಾಮೆರಾದೊಳಗಿನ ಮಾಪಕ ತನ್ನೆದುರಿನ ದೃಶ್ಯವನ್ನೆಲ್ಲ ಸಾಧಾರಣ ಬೂದುಬಣ್ಣವೆಂದೇ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕಪ್ಪು ಬಟ್ಟೆಯಿದ್ದರೆ ಬೆಳಕು ಸಾಲದೆಂದು ಭಾವಿಸಿ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಆಗ ನಾವೇ ಬೆಳಕನ್ನು ಒಂದು ಹಂತ ಕಡಿಮೆ ಮಾಡಿಕೊಂಡರೆ ಮುಖ ಇದ್ದಂತೆ ಬರುತ್ತದೆ. ಈಗಿನ ಮೊಬೈಲ್‌ನಲ್ಲಾದರೆ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿದರೆ ಸಾಕು.

ಆದರೆ ಕ್ಯಾಮೆರಾದ ಪಾಠಗಳನ್ನು ಕಲಿತಷ್ಟು ಬೇಗ ಮನುಷ್ಯರ ಪಾಠವನ್ನು ನಾನು ಕಲಿಯಲಿಲ್ಲ. ಈಗ ಹೇಳಲು ಹೊರಟಿರುವುದು ನನ್ನ ತಪ್ಪಿನ ಕಥೆ.

ಕೇಳಿದಾಗ ಬೇಡ ಎನ್ನುವವರು ಹೆಚ್ಚಾಗತೊಡಗಿದಾಗ ನಾನೊಂದು ಉಪಾಯ ಕಂಡುಕೊಂಡೆ. ದೂರದಿಂದ ತೆಗೆಯುವ ಜೂಮ್ ಲೆನ್ಸ್ ಕೊಂಡೆ. ಇನ್ನು ಕೇಳುವ ಗೋಜೇ ಇಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತು ಈಚೆ ಬದಿಯವರ ರೆಪ್ಪೆಯ ಕೂದಲನ್ನೂ ಎಣಿಸಬಹುದು! 2018ರ ರಮಝಾನ್‌ನ ಒಂದು ಸಂಜೆ, ಬಸ್ ನಿಲ್ದಾಣದ ಬಳಿಯ ಫುಟ್‌ಪಾತಿನಲ್ಲಿ ಪುದೀನ, ಕೊತ್ತಂಬರಿ ಸೊಪ್ಪು ಮಾರುತ್ತಿದ್ದ ಮಹಿಳೆಯೊಬ್ಬರ ಚಿತ್ರವನ್ನು ಹಾಗೆಯೇ ತೆಗೆದೆ. ಇಫ್ತಾರ್‌ಗೆ ಇನ್ನೇನು ಕೆಲವು ನಿಮಿಷವಿತ್ತು. ನಕಾಬನ್ನು ಸರಿಸಿ, ಅಂಗೈಯಲ್ಲಿ ಒಂದೇ ಒಂದು ಖರ್ಜೂರ ಇಟ್ಟುಕೊಂಡು, ಬಾಂಗಿಗೆ ಕಿವಿಗೊಟ್ಟು ಕಾಯುತ್ತಿದ್ದರು. ಚಿತ್ರ ಅದ್ಭುತವಾಗಿ ಬಂತು. ನೋಡಿದವರೆಲ್ಲ ಹೊಗಳಿದರು. ಒಂದು ಸ್ಪರ್ಧೆಗೆ ಕಳುಹಿಸಿದೆ, ಬಹುಮಾನ ಬಂತು. ಪ್ರದರ್ಶನದಲ್ಲಿ ದೊಡ್ಡದಾಗಿ ತೂಗುಹಾಕಿದರು. ಪತ್ರಿಕೆಯೊಂದರ ಸ್ಥಳೀಯ ಪುಟದಲ್ಲೂ ಅಚ್ಚಾಯಿತು. ನಾನು ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡೆ.

ತಿಂಗಳು ಕಳೆದು ಅದೇ ಫುಟ್‌ಪಾತಿಗೆ ಹೋದಾಗ ಆಕೆ ಅಲ್ಲಿರಲಿಲ್ಲ. ಪಕ್ಕದಲ್ಲಿ ಸೌತೆಕಾಯಿ ಮಾರುವವರನ್ನು ವಿಚಾರಿಸಿದೆ. ಅವರಿಗೆ ನಾನೇ ಆ ಫೋಟೋ ತೆಗೆದವಳೆಂದು ಗೊತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಹೇಳಿಬಿಟ್ಟರು. ಆ ಮಹಿಳೆಯ ಗಂಡ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಮಗಳನ್ನು ಮದುವೆ ಮಾಡಿಕೊಡುವಾಗ ಗಂಡಿನ ಕಡೆಯವರಿಗೆ, ಹುಡುಗಿಯ ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ ಎಂದಷ್ಟೇ ಹೇಳಿದ್ದರು. ಬೀದಿಯಲ್ಲಿ ಕುಳಿತು ಸೊಪ್ಪು ಮಾರುವ ಸಂಗತಿ ಅವರಿಗೆ ತಿಳಿದಿರಲಿಲ್ಲ. ಯಾರೋ ಪತ್ರಿಕೆಯ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದು ಕುಟುಂಬದ ಗುಂಪಿಗೆ ಹಾಕಿದ್ದರು. ಮಗಳು ಅತ್ತೆಮನೆಯಲ್ಲಿ ಮಾತು ಕೇಳಬೇಕಾಯಿತು. “ಬೀದಿಯಲ್ಲಿ ಮುಖ ತೆರೆದು ಕೂರುವವರ ಮಗಳು” ಎಂದರಂತೆ. ಆಕೆ ಹತ್ತು ದಿನ ವ್ಯಾಪಾರಕ್ಕೇ ಬರಲಿಲ್ಲ. ನಂತರ ಯಾರ ಕಣ್ಣಿಗೂ ಬೀಳದ ಒಂದು ಒಳಗಲ್ಲಿಗೆ ಜಾಗ ಬದಲಿಸಿದರು.

ಸೊಪ್ಪು ಮಾರುವುದು ಹಲಾಲ್ ದುಡಿಮೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ, ಮಾತನಾಡಿದವರೇ ನಾಚಬೇಕು ಎಂದು ನೀವು ಹೇಳಬಹುದು. ನಾನೂ ಮೊದಲು ಹಾಗೆಯೇ ನನ್ನನ್ನು ಸಮಾಧಾನಪಡಿಸಿಕೊಂಡೆ. ಆದರೆ ತನ್ನ ಬಡತನವನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ನಿರ್ಧರಿಸುವ ಹಕ್ಕು ಆಕೆಯದ್ದಾಗಿತ್ತು. ಆ ನಿರ್ಧಾರವನ್ನು ರಸ್ತೆಯ ಆಚೆ ಬದಿಯಲ್ಲಿ ನಿಂತು ನಾನು ಮಾಡಿಬಿಟ್ಟಿದ್ದೆ. ಖರ್ಜೂರವನ್ನು ಬಾಯಿಗಿಡಲೆಂದು ನಕಾಬು ಸರಿಸಿದ ಆ ಒಂದು ಗಳಿಗೆಯನ್ನು ಊರಿಗೆಲ್ಲ ಹಂಚಿದ್ದೆ. ಬಹುಮಾನದ ಫಲಕ ನನ್ನ ಮನೆಯ ಶೋಕೇಸಿನಲ್ಲಿತ್ತು. ಮಾತು ಕೇಳಿದ್ದು ಆಕೆಯ ಮಗಳು.

ಆ ಒಳಗಲ್ಲಿಯನ್ನು ಹುಡುಕಿಕೊಂಡು ಹೋದೆ. ಯಜಮಾನರು ಜೊತೆಗೆ ಬರುತ್ತೇನೆಂದರೂ ಬೇಡವೆಂದೆ. ಆಕೆಯ ಎದುರು ಕುಳಿತು ಸಲಾಮ್ ಹೇಳಿ, ನನ್ನ ಮುರುಕು ಉರ್ದುವಿನಲ್ಲಿ, “ಆ ಫೋಟೋ ತೆಗೆದವಳು ನಾನೇ, ಮಾಫ್ ಮಾಡಿ” ಎಂದೆ. ಆಕೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಕೊತ್ತಂಬರಿಯ ಕಟ್ಟಿಗೆ ನೀರು ಚಿಮುಕಿಸುತ್ತಾ, “ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಅದು ಗೊತ್ತಿದ್ದೇ ನೀವು ಕೇಳಲಿಲ್ಲ” ಎಂದಷ್ಟೇ ಹೇಳಿದರು.

ಅದು ನಿಜವಾಗಿತ್ತು.

ಚಿತ್ರವನ್ನು ಎಲ್ಲೆಲ್ಲಿಂದ ತೆಗೆಸಬಹುದೋ ಅಲ್ಲಿಂದೆಲ್ಲ ತೆಗೆಸಿದೆ. ಪ್ರದರ್ಶನದ ದೊಡ್ಡ ಪ್ರತಿಯನ್ನು ತಂದು ಆಕೆಯ ಕೈಗೇ ಕೊಟ್ಟೆ. ಆಕೆ ಅದನ್ನು ಬಿಡಿಸಿ ನೋಡದೆ ಗೋಣಿಯ ಕೆಳಗಿಟ್ಟರು. ಆದರೆ ಪತ್ರಿಕೆಯಲ್ಲಿ ಅಚ್ಚಾದದ್ದನ್ನು, ಮೊಬೈಲಿನಿಂದ ಮೊಬೈಲಿಗೆ ಹೋದದ್ದನ್ನು ಹಿಂದಕ್ಕೆ ತರುವುದು ಹೇಗೆ? ಅದಕ್ಕೆ ಇಂದಿಗೂ ನನ್ನ ಬಳಿ ದಾರಿಯಿಲ್ಲ.

ಆರೇಳು ತಿಂಗಳು ನಾನು ಕ್ಯಾಮೆರಾ ಮುಟ್ಟಲಿಲ್ಲ. ಆ ದಿನಗಳಲ್ಲಿ ಓದಿದ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಹಸಿರು ಕಣ್ಣಿನ ‘ಅಫ್ಘಾನ್ ಹುಡುಗಿ’ಯ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1984ರಲ್ಲಿ ಪಾಕಿಸ್ತಾನದ ಪೇಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ಅಮೆರಿಕದ ಸ್ಟೀವ್ ಮೆಕ್‌ಕರಿ ಎಂಬ ಫೋಟೋಗ್ರಾಫರ್ ತೆಗೆದ ಚಿತ್ರವದು. 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯೋಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಬಂದು ಜಗತ್ತಿನ ಮನೆಮನೆಗೂ ತಲುಪಿತು. ಆದರೆ ಹುಡುಗಿಯ ಹೆಸರನ್ನು ಯಾರೂ ಬರೆದುಕೊಂಡಿರಲಿಲ್ಲ. 2002ರಲ್ಲಿ ಹುಡುಕಿಕೊಂಡು ಹೋದಾಗಲಷ್ಟೇ ಆಕೆ ಶರ್ಬತ್ ಗುಲಾ ಎಂದು ತಿಳಿದದ್ದು. ಕಣ್ಣಿನ ಪಾಪೆಯ ಗುರುತು ಹೋಲಿಸಿ ಆಕೆಯೇ ಎಂದು ಖಚಿತಪಡಿಸಿಕೊಂಡರು. ಜಗತ್ತೇ ಕಂಡಿದ್ದ ಆ ಚಿತ್ರವನ್ನು ಅಲ್ಲಿಯವರೆಗೆ ಆಕೆ ಕಂಡೇ ಇರಲಿಲ್ಲ! ಅಪರಿಚಿತನೊಬ್ಬ ತನ್ನ ಫೋಟೋ ತೆಗೆದಾಗ ತನಗೆ ಸಿಟ್ಟು ಬಂದಿತ್ತು ಎಂಬುದು ಮಾತ್ರ ಆಕೆಗೆ ನೆನಪಿತ್ತು. ಜನ ಹದಿನೇಳು ವರ್ಷ ಆ ಕಣ್ಣುಗಳಲ್ಲಿ ಯುದ್ಧದ ಭಯ ಕಂಡರು. ಒಬ್ಬ ಪುಟ್ಟ ಹುಡುಗಿಯ ಸಿಟ್ಟನ್ನು ಎಷ್ಟು ಮಂದಿ ಗುರುತಿಸಿದರೋ! 2016ರಲ್ಲಿ ನಕಲಿ ಗುರುತಿನ ಚೀಟಿಯ ಆರೋಪದಲ್ಲಿ ಪಾಕಿಸ್ತಾನದಲ್ಲಿ ಆಕೆಯ ಬಂಧನವಾಯಿತು. ಅಲ್ಲಿಂದ ಅಫ್ಘಾನಿಸ್ತಾನಕ್ಕೆ ಕಳುಹಿಸಿದರು. 2021ರಲ್ಲಿ ಇಟಲಿ ಆಕೆಗೆ ಆಶ್ರಯ ನೀಡಿತು. ಮುಖಪುಟದ ಆ ಚಿತ್ರ ಆಕೆಯನ್ನು ಬದುಕಿನುದ್ದಕ್ಕೂ ಬೆನ್ನಟ್ಟಿತು.

ನಮ್ಮ ದೇಶದಲ್ಲೂ ಹೆಣ್ಣುಮಕ್ಕಳು ಕ್ಯಾಮೆರಾ ಕಂಡು ಹಿಂಜರಿಯಲು ಕಾರಣಗಳು ಸಾಕಷ್ಟಿವೆ. 2021ರ ಜುಲೈಯಲ್ಲಿ ಮತ್ತು ಮತ್ತೊಮ್ಮೆ 2022ರ ಜನವರಿ ಒಂದರಂದು, ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಅವರ ಸಾಮಾಜಿಕ ಜಾಲತಾಣದ ಖಾತೆಗಳಿಂದ ಕದ್ದು, ‘ಹರಾಜು’ ಎಂದು ಆ್ಯಪ್‌ಗಳಲ್ಲಿ ಹಾಕಿದ ನೀಚ ಕೃತ್ಯವನ್ನು ನಾವು ಮರೆಯುವಂತಿಲ್ಲ. ಪತ್ರಕರ್ತೆಯರು, ವಿದ್ಯಾರ್ಥಿನಿಯರು, ಹೋರಾಟಗಾರ್ತಿಯರು ಅದರಲ್ಲಿದ್ದರು. ಆ ದುಷ್ಟರಿಗೂ ನನಗೂ ಹೋಲಿಕೆಯಿಲ್ಲ, ನಿಜ. ಆದರೆ ಬೀದಿಯಲ್ಲಿ ನನ್ನ ಕ್ಯಾಮೆರಾ ಕಂಡು ದುಪಟ್ಟಾ ಎಳೆದುಕೊಳ್ಳುವ ಹುಡುಗಿಗೆ ನಾನು ಯಾರೆಂದು ಹೇಗೆ ಗೊತ್ತಾಗಬೇಕು? ಆಕೆಯ ಹಿಂಜರಿಕೆಯನ್ನು ‘ಹಿಂದುಳಿದಿರುವಿಕೆ’ ಎಂದು ಮೂಗು ಮುರಿಯುವವರು ಈ ಘಟನೆಗಳನ್ನು ನೆನಪಿಸಿಕೊಳ್ಳಬೇಕು. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಫುಟ್‌ಪಾತಿನಲ್ಲಿ ಕುಳಿತವರಿಗೂ ಇದೆ ಎಂಬುದನ್ನು ನಾನು ತಪ್ಪು ಮಾಡಿ ಕಲಿಯಬೇಕಾಯಿತು.

ಮತ್ತೆ ಕ್ಯಾಮೆರಾ ಹಿಡಿಯುವಾಗ ನನಗೆ ನಾನೇ ಮೂರು ಕಟ್ಟಳೆ ಹಾಕಿಕೊಂಡೆ. ಕೇಳದೆ ತೆಗೆಯಬಾರದು. ತೆಗೆದದ್ದನ್ನು ಅಲ್ಲಿಯೇ ತೋರಿಸಬೇಕು, ಅವರು ಬೇಡವೆಂದರೆ ಅವರ ಕಣ್ಣೆದುರೇ ಅಳಿಸಬೇಕು. ಅಚ್ಚು ಹಾಕಿಸಿದ ಪ್ರತಿಯನ್ನು ಮುಂದಿನ ವಾರ ಅವರ ಕೈಗೆ ತಲುಪಿಸಬೇಕು. ಜೂಮ್ ಲೆನ್ಸನ್ನು ಮಾರಿಬಿಟ್ಟೆ. ಅಂಚೆ ಕಾರ್ಡಿನಷ್ಟು ದೊಡ್ಡ ಒಂದು ಪ್ರತಿಗೆ ಆಗುವ ಖರ್ಚು ಒಂದು ಲೋಟ ಚಹಾದಷ್ಟು. ಅಷ್ಟಕ್ಕೇ ಎಂಥ ಬದಲಾವಣೆಯಾಯಿತೆಂದರೆ, ‘ಫೋಟೋ ತೆಗೆಯುವವಳು’ ಎಂದು ದೂರ ಸರಿಯುತ್ತಿದ್ದವರು ‘ಫೋಟೋ ಕೊಡುವವಳು’ ಎಂದು ಕರೆದು ಕೂರಿಸತೊಡಗಿದರು. ನನ್ನ ಉರ್ದು ಕೇಳಿ ನಗುವುದು ಮಾತ್ರ ಇನ್ನೂ ನಿಂತಿಲ್ಲ.

ಕಲಬುರಗಿ ಕಡೆಯಿಂದ ಬಂದ ಒಬ್ಬ ಹಮಾಲಿ ತನ್ನ ಚಿತ್ರ ನೋಡಿ, “ಅಕ್ಕಾ, ಮೂಟೆ ಇಲ್ಲದ್ದು ಒಂದು ತೆಗೀರಿ, ಅವ್ವಗೆ ಕಳಿಸ್ಬೇಕು” ಎಂದ. ಮೂಟೆ ಹೊತ್ತ ಚಿತ್ರವೇ ಚೆನ್ನಾಗಿದೆ ಎಂದುಕೊಂಡಿದ್ದವಳು ನಾನು. ಅಂಗಿಯ ಗುಂಡಿ ಹಾಕಿಕೊಂಡು, ತಲೆಗೆ ನೀರು ಸವರಿ ಬಾಚಿಕೊಂಡು ನಿಂತ. ಅವನ ತಾಯಿಗೆ ಬೇಕಾಗಿದ್ದದ್ದು ಆ ಮಗ. ಒಬ್ಬ ಮನುಷ್ಯ ತಾನು ಹೇಗೆ ಕಾಣಬೇಕೆಂದು ಬಯಸುತ್ತಾನೋ ಹಾಗೆ ಒಂದು ಚಿತ್ರವಾದರೂ ಅವನಿಗೆ ಸಿಗಬೇಡವೇ?

ಕೈಗಡಿಯಾರ ರಿಪೇರಿ ಮಾಡುತ್ತಿದ್ದ ಚಾಚಾ ಒಬ್ಬರಿದ್ದರು. ಮೂರು ಭಾನುವಾರ ಬೇಡವೆಂದರು. ನಾಲ್ಕನೆಯ ಭಾನುವಾರ ನನ್ನ ಗಡಿಯಾರದ ಬ್ಯಾಟರಿ ಬದಲಿಸಿ ಕೊಡುತ್ತಾ ತಾವಾಗಿಯೇ, “ತೆಗಿ ಬೇಟಿ, ಬೇಗ ತೆಗಿ” ಎಂದರು. ಕಣ್ಣಿಗೆ ಸಿಕ್ಕಿಸಿದ ಭೂತಕನ್ನಡಿಯನ್ನು ಹಣೆಗೇರಿಸಿ, ತುಟಿಯಂಚಿನಲ್ಲಿ ನಕ್ಕ ಆ ಒಂದು ಚಿತ್ರ ಸಿಕ್ಕಿತು. ಪ್ರತಿ ಕೊಟ್ಟಾಗ ಬಹಳ ಹೊತ್ತು ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು. 2021ರ ಎರಡನೇ ಅಲೆಯ ನಂತರ ಮಾರ್ಕೆಟಿಗೆ ಹೋದಾಗ ಅವರ ಪುಟ್ಟ ಗೂಡಂಗಡಿ ಮುಚ್ಚಿತ್ತು. ಚಾಚಾ ಕೋವಿಡ್‌ಗೆ ಬಲಿಯಾಗಿದ್ದರು. ಪಕ್ಕದ ಅಂಗಡಿಯವರ ಮೂಲಕ ಅವರ ಮಗಳು ನನ್ನನ್ನು ಹುಡುಕಿ ಬಂದಳು. “ಅಬ್ಬಾ ಜೇಬಿನಲ್ಲಿಟ್ಟು ಇಟ್ಟು ಫೋಟೋ ಸವೆದುಹೋಗಿದೆ. ಇನ್ನೊಂದು ಪ್ರತಿ ಸಿಗುತ್ತದೆಯೇ? ಆಧಾರ್ ಕಾರ್ಡಿನದ್ದು ಬಿಟ್ಟರೆ ನಮ್ಮ ಬಳಿ ಬೇರೆ ಚಿತ್ರವಿಲ್ಲ” ಎಂದಳು. ಆಕೆಯ ಕೈಗೆ ಹೊಸ ಪ್ರತಿ ಕೊಡುವಾಗ ನನಗೆ ನಮ್ಮ ಮನೆಯ ಕಪಾಟು, ಹಜ್ ಅರ್ಜಿಯ ಆ ಬೆದರಿದ ಕಣ್ಣುಗಳು ನೆನಪಾದವು. ಚಾಚಾರ ಚಿತ್ರ ನನ್ನ ಬಳಿ ಇದ್ದದ್ದು ಅಮಾನತ್ತಾಗಿ. ಒಡೆಯರು ಬಂದು ಕೇಳಿದರು, ಕೊಟ್ಟೆ.

ಲಿಂಬೆಹಣ್ಣಿನ ಅಜ್ಜಿಯ ಬಳಿ ಮತ್ತೆ ಫೋಟೋ ಮಾತೆತ್ತಿದ್ದು 2022ರಲ್ಲಿ. ಆರು ವರ್ಷ ಅವರಿಂದ ಲಿಂಬೆ ಕೊಳ್ಳುತ್ತಿದ್ದೆನೇ ಹೊರತು ಕೇಳುವ ಧೈರ್ಯ ಮಾಡಿರಲಿಲ್ಲ. ಅವತ್ತು ಪಕ್ಕದಲ್ಲಿ ಕುಳಿತು ಉಮ್ಮನ ಕಥೆ ಹೇಳಿದೆ. ಪೂರ್ತಿ ಕೇಳಿದ ಅಜ್ಜಿ, “ಇದನ್ನು ಆವತ್ತೇ ಹೇಳಬಾರದಿತ್ತಾ? ಚೆನ್ನಾಗಿದ್ದೀರಿ ಅಂತ ಸುಳ್ಳು ಹೇಳಿದೆ” ಎಂದರು. ಸೆರಗು ಸರಿಮಾಡಿಕೊಂಡು ಕೂತರು. ಮೊದಲನೆಯ ಚಿತ್ರ ಗುರುತಿನ ಚೀಟಿಯಂತೆ ಬಂತು. ಗಿರಾಕಿಯೊಬ್ಬ ಬಂದು ಆರು ಹಣ್ಣಿಗೆ ಐದರ ಬೆಲೆ ಕೊಡಲು ನೋಡಿದಾಗ ಅಜ್ಜಿ ಅವನನ್ನು ಗದರಿಸಿ ನಕ್ಕರಲ್ಲ, ಎರಡನೆಯ ಚಿತ್ರ ಅದು.

ಆಮೇಲೆ ಅಜ್ಜಿ ಕೈಚಾಚಿ, “ಈಗ ನೀನು ಕೂತ್ಕೋ” ಎಂದರು. ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟು, ಒತ್ತಬೇಕಾದ ಗುಂಡಿ ತೋರಿಸಿದೆ. ಜನ ಸುತ್ತ ನಿಂತು ನೋಡುತ್ತಿದ್ದರು. ನನಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸ್ಕಾರ್ಫ್ ಸರಿಯಿದೆಯೋ, ನಕ್ಕರೆ ಹಲ್ಲು ಕಾಣುತ್ತದೆಯೋ, ಈ ಚಿತ್ರವನ್ನು ಯಾರು ನೋಡುತ್ತಾರೋ! ನೂರಾರು ಜನರನ್ನು ಈ ಜಾಗದಲ್ಲಿ ಕೂರಿಸಿದವಳಿಗೆ ಅಲ್ಲಿ ಕುಳಿತರೆ ಹೇಗಿರುತ್ತದೆಂದು ಅಂದೇ ಗೊತ್ತಾಯಿತು. ಅಜ್ಜಿ ತೆಗೆದ ಚಿತ್ರ ವಾಲಿದೆ, ನನ್ನ ಅರ್ಧ ತಲೆ ಹಾರಿಹೋಗಿದೆ. ಅದನ್ನೂ ಅಚ್ಚು ಹಾಕಿಸಿದ್ದೇನೆ. ಶೋಕೇಸಿನಲ್ಲಿ ಬಹುಮಾನದ ಫಲಕವಿದ್ದ ಜಾಗದಲ್ಲಿ ಈಗ ಅದಿದೆ.

ಸೊಪ್ಪು ಮಾರುವ ಆ ಸಹೋದರಿಯ ಬಳಿಗೆ ಈಗಲೂ ಹೋಗುತ್ತೇನೆ. ಅವರು ಸಲಾಮಿಗೆ ಉತ್ತರಿಸುತ್ತಾರೆ, ಪುದೀನ ಕಟ್ಟಿಕೊಡುತ್ತಾರೆ, ಮಗಳಿಗೆ ಗಂಡುಮಗು ಹುಟ್ಟಿದ ಸುದ್ದಿಯನ್ನೂ ಹೇಳಿದರು. ಆ ಗಲ್ಲಿಗೆ ಹೋಗುವಾಗ ಕ್ಯಾಮೆರಾ ಒಯ್ಯುವುದಿಲ್ಲ.

ಸಹೋದರಿಯರೇ, ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಅಪರಿಚಿತರ ಮುಖಕ್ಕೆ ಅದನ್ನು ಹಿಡಿಯುವ ಮುನ್ನ ಒಂದು ಮಾತು ಕೇಳೋಣ, ಬೇಡವೆಂದರೆ ಮುಂದಕ್ಕೆ ನಡೆಯೋಣ. ಮತ್ತೆ, ನಿಮ್ಮ ಉಮ್ಮ ಇನ್ನೂ ಇದ್ದರೆ ಅವರ ಬಳಿ ಕುಳಿತು ಅವರನ್ನೂ ಕೇಳಿ ನೋಡಿ. ಒಪ್ಪಿದರೆ ಅಡುಗೆಮನೆಯ ಕಿಟಕಿಯ ಬಳಿ, ಒಂದು ಬದಿಯಿಂದ ಬೆಳಕು ಬೀಳುವಲ್ಲಿ ಕೂರಿಸಿ. ಮಾತನಾಡಿಸುತ್ತಾ ತೆಗೆಯಿರಿ. ಮೊಬೈಲಿನಲ್ಲಿಯೇ ಬಿಟ್ಟುಬಿಡಬೇಡಿ, ಅಚ್ಚು ಹಾಕಿಸಿ, ಹಿಂದೆ ಹೆಸರು ಮತ್ತು ಇಸವಿ ಬರೆದು ಮೊದಲ ಪ್ರತಿಯನ್ನು ಅವರಿಗೇ ಕೊಡಿ.